ಅಳತಿ

"ತೋಳು ಎತ್ರಿ ಸಾಹೇಬ್ರ," ಅಂತಾನ ಜ್ಞಾನೋಬಾ.
ಎತ್ತತೀನಿ.
ಟೇಪು ಎದಿ ಸುತ್ತಿ ಬರತೈತಿ, ಆಮ್ಯಾಲ ಕೊರಳಿಗೆ.
ನಾಲ್ಕು ವರ್ಷಕ್ಕೊಂದು ಕರೀ ಕೋಟು, ಇದು ಒಂಬತ್ತನೇದು.
ಕೊರಳಿಗೆ ಬಂದಾಗೊಮ್ಮೆ ಅವನ ಕೈ
ಒಂದು ಗಳಿಗಿ ತಡೀತೈತಿ.
ನಂಬರ್ ನೋಡಾಕ ಇರಬೇಕು.

ಇವನ ಕತ್ತರಿ ಒಂದು ಕಾಲಕ್ಕ ಮುದ್ದೇಮಾಲು ನಂಬರ್ ಒಂದು.
ಹಿಡಿಕಿಗೆ ಸುತ್ತಿದ ಹಸಿರು ದಾರ, ಅರಗಿನ ಸೀಲು, ಚೀಟಿ.
ಸತ್ತಾವ ಇವನ ಪಾಲುದಾರ,
ಬೆಟಗೇರಿ ಅಂಗಡಿಯ ಹಿಂದಿನ ಖೋಲ್ಯಾಗ.
ಗದಗ ಆಗಿನ್ನೂ ಜಿಲ್ಲಾ ಆಗಿದ್ದಿಲ್ಲ;
ತಾರೀಖಿಗೊಮ್ಮೆ ಧಾರವಾಡಕ್ಕ, ನಸುಕಿನ ಪ್ಯಾಸೆಂಜರ್ ಗಾಡ್ಯಾಗ,
ತೊಡಿ ಮ್ಯಾಲ ಫೈಲು, ಫೈಲಿನ ಮ್ಯಾಲ ರೊಟ್ಟಿ ಗಂಟು.
ಶೇಂಗಾ ಹಿಂಡಿಯ ಎಣ್ಣಿ ಕಲಿ
ಚಾರ್ಜ್‌ಶೀಟಿನ ಹನ್ನೊಂದನೇ ಹಾಳಿ ಮ್ಯಾಲ ಇನ್ನೂ ಐತಿ.

ಜೈಲಿನಾಗ ಮೊದಲ ಭೇಟಿಗೆ
"ಸಾಹೇಬ್ರ, ಆ ರಾತ್ರಿ..." ಅಂದ.
ಹೇಳಬ್ಯಾಡ, ಅಂದೆ.
ಏನಾತು ಅನ್ನೂದು ನನಗ ಬ್ಯಾಡ;
ಏನಾತು ಅಂತ ಪೊಲೀಸರು ಬರದಾರಲ್ಲ, ಅಷ್ಟ ಸಾಕು.
ನನ್ನ ಹಿರೀ ವಕೀಲರು ಕಲಿಸಿದ್ದು. ಅವರಿಗೆ ಅವರ ಹಿರಿಯರು.
ನಮ್ಮ ಮನಿ ಒಲಿ ಉರದದ್ದು
ಈ ಒಂದು ಕಿವುಡಿನ ಮ್ಯಾಲ.

ಪಂಚ ಸಾಕ್ಷಿ ಹುಚ್ಚೀರಪ್ಪ, ಚಾದಂಗಡಿಯವ,
ಕಟಕಟ್ಯಾಗ ನಿಂತು ಟೊಪಗಿ ತಿರುವತಿದ್ದ.
ಕತ್ತರಿ ಎಲ್ಲಿ ಸಿಕ್ತಪಾ?
ಮಶೀನಿನ ಕೆಳಗರಿ.
ನೀ ಒಳಗ ಹೋಗಿ ನೋಡಿದೇನು?
ಇಲ್ರಿ, ಜೀಪಿನ ಹಂತ್ಯಾಕ ಸಹಿ ಹಾಕ್ದೆ.
ಕಾಗದದಾಗ ಏನ ಬರದಿತ್ತು?
ಏನೂ ಇದ್ದಿಲ್ರಿ. ಬಿಳೀ ಹಾಳಿ.
ಪಾಟೀ ಸವಾಲು ಮುಗೀತು ಅಂತ ಕುಂತೆ.
ಕೋರ್ಟಿನ ಫ್ಯಾನು ತಿರಗೂ ಸಪ್ಪಳ ಅವತ್ತ ಮೊದಲನೇ ಸಲ ಕೇಳಿಸ್ತು.

ಸಂಶಯದ ಲಾಭ ಆರೋಪಿಗೆ.
ಲಾಭ! ಯಾಪಾರದ ಮಾತು ನೋಡ್ರಿ.
ಲುಕ್ಸಾನು ಯಾರ ಖಾತೆಕ್ಕ ಬಿತ್ತು ಅಂತ
ಜಡ್ಜ್‌ಮೆಂಟಿನಾಗ ಬರಿಯೂದಿಲ್ಲ.
ಸತ್ತವನ ತಾಯಿ ಬಜಾರದ ತುದಿಗೆ ಬಾಳಿಹಣ್ಣು ಮಾರತಿದ್ಲು.
ಒಮ್ಮೆ ಡಜನ್ ಆರಿಸಿ ರೊಕ್ಕ ಚಾಚಿದೆ.
ಹಣ್ಣು ತಿರಗಿ ಬುಟ್ಟ್ಯಾಗ ಇಟಗೊಂಡ್ಲು:
"ನಿಮಗ ಮಾರೂದಿಲ್ರಿ."
ಬಹುವಚನ ಬಿಡಲಿಲ್ಲ ಆಕಿ.
ಆಕಿ ಇರೂತನಕ ನಾ ಸುತ್ತು ಹಾಕಿ ಕೋರ್ಟಿಗೆ ಹೋದೆ.

ಅಪೀಲಿನ ಅವಧಿ ಮುಗದ ಮ್ಯಾಲ ಕತ್ತರಿ ವಾಪಸ್ ಕೊಟ್ರು.
ನನ್ನ ಕೋಟು ಅದರಾಗ ಕತ್ತರಸ್ತಾನೋ ಏನೋ,
ಕೇಳಿಲ್ಲ.

ಒಂದ ಸಲ ಕಿವಿ ತಗದಿದ್ದೆ.
ರೋಣದ ಕಡೆ ಹುಡುಗ ದಾವಲಮಲಿಕ, ಹತ್ತೊಂಬತ್ತು,
ದರೋಡೆ ಕೇಸು. ಪೂರಾ ಹೇಳಿದ. ಪೂರಾ ನಂಬಿದೆ.
ನಂಬಿದ್ದಕ್ಕ ದನಿ ಏರಿತು,
ಕುಂದ್ರಬೇಕಾದಲ್ಲಿ ಕುಂದ್ರದ
ಇನ್ನೊಂದು ಪ್ರಶ್ನಿ ಕೇಳಿಬಿಟ್ಟೆ.
ಆ ಒಂದು ಪ್ರಶ್ನಿಗೆ ಅವಗ ಏಳು ವರ್ಷ.
ಅವನವ್ವ ಫೀ ಅಂತ ತಂದಿದ್ದ ಕುಸಬಿ ಎಣ್ಣಿ ಡಬ್ಬಿ
ಅಟ್ಟದ ಮ್ಯಾಲ ಜಂಗು ಹಿಡದೈತಿ.
ನನ್ನ ಹೆಂಡತಿ ಒಗಿಯೂದಿಲ್ಲ, ಬಳಸೂದಿಲ್ಲ.

ಇವತ್ತ ಅಂದೆ: ಸಾಕಪಾ ಜ್ಞಾನೋಬಾ,
ದೀಪಾವಳಿ ಆದಮ್ಯಾಲ ಕೋರ್ಟಿಗೆ ಹೋಗಂಗಿಲ್ಲ.
ಇದನ್ನ ಹೊಲಿಯೂದು ಬಿಡು.
ಅವ ತುಟ್ಯಾಗಿನ ಗುಂಡಪಿನ್ನು ಒಂದೊಂದ ತಗದು
ಮಶೀನಿನ ಮ್ಯಾಲ ಇಟ್ಟ.
"ಹಂಗಾದ್ರ," ಅಂದ,
"ಇನ್ನ ನೀವು ನನ್ನ ವಕೀಲರಲ್ಲ."

ಹೊರಗ ಗಾಳಿ. ಅಂಗಡಿ ಬೋರ್ಡು ಗ್ವಾಡಿಗೆ ಬಡಕೋತಿತ್ತು.
ಟೇಪು ಕೊರಳಾಗ ಹಂಗ ಇತ್ತು.
ನನ್ನ ತೋಳು ಇನ್ನೂ ಮ್ಯಾಲ.
ಎಪ್ಪತ್ತೊಂದನೇ ವರ್ಷದ ಗಂಡಸಿಗೆ ತೋಳು
ಎಷ್ಟೊತ್ತು ನಿಲ್ತಾವ?

ಒಳಗಿನ ಕಿಸೆ ಈ ಸಲ
ಎರಡು ಬೆರಳು ಆಳ ಇಡು, ಅಂದೆ.
ಅವ ನನ್ನ ಮಾರಿ ನೋಡಿದ.
ಕಿವಿಮ್ಯಾಲಿನ ಪೆನ್ಸಿಲ್ ತಗದು
ಬರಕೊಂಡ.