ಕೌದಿ ಹಿಂಡುವ ದಿನ

ಶಿವರಾತ್ರಿ ಮುಗಿದು ಐದು ದಿನ.
ಚಳಿ ಶಿವಶಿವಾ ಅಂತ ಹೋಯ್ತು ಅಂತಾರ ಮಂದಿ.
ನಮ್ಮ ಮನಿ ಚಳಿ ಎಲ್ಲೂ ಹೋಗಿಲ್ಲ,
ಕೌದಿಯೊಳಗ ಕುಂತದ,
ಕುಳ್ಳಿನ ಹೊಗಿ, ಬೆಕ್ಕಿನ ಕೂದಲ ಜೋಡಿ.

ನಸುಕಿನಾಗ ಎದ್ದರ ಮೊದಲು ಎಮ್ಮಿ.
ಈದು ಎಂಟು ದಿನ. ಗಿಣ್ಣದ ಹಾಲು ತೀರಿ
ಈಗ ಹಾಲು ಹಾಲಾಗ್ಯಾದ.
ಕರದ ಹಣಿಮ್ಯಾಲ ರೂಪಾಯಿಯಷ್ಟು ಬಿಳಿ ಚುಕ್ಕಿ.
‘ಗಂಡು ಕರ, ಚಿಟಗುಪ್ಪದ ಸಂತಿಗಿ ಹೊಡಿತೀನಿ’
ಅಂದ ಝರೆಪ್ಪ.
‘ಕರ ಇಲ್ದ ಎಮ್ಮಿ ತೊರಿ ಬಿಡ್ತದೇನು?’
ಅಂದೆ ನಾ.
ಆಮ್ಯಾಲ ಇಬ್ಬರೂ ಏನೂ ಅನ್ನಲಿಲ್ಲ.
ಇವತ್ತಿಗಿ ಮೂರು ದಿನ.

ಕೆಲಸ ಮಾತ್ರ ನಿಂತಿಲ್ಲ.
ಅವ ಮಾಳಿಗಿ ಏರಿ, ಬೆಳಕಿಂಡಿ ಸುತ್ತಲಿನ ಬಿರುಕಿಗಿ
ಕೆಮ್ಮಣ್ಣು ಹೊಟ್ಟು ಕಲಸಿ ಮೆತ್ತಿದ;
ನಾ ಕೆಳಗ ನಿಂತು ಪುಟ್ಟಿ ಎತ್ತಿ ಕೊಟ್ಟೆ,
ಮುಖ ಬೇವಿನ ಗಿಡದ ಕಡಿ ತಿರುವಿ.
ಜೋಳದ ಗುಮ್ಮಿಯೊಳಗ ಬೇವಿನ ಸೊಪ್ಪು ಹಾಸಿದ್ದು ನಾ,
ಬಾಯಿಗಿ ಸಗಣಿ ಬಳಿದದ್ದು ಅವ.
ತೊಗರಿ ಕಟಗಿ ಬಣವಿ ಒಟ್ಟುವಾಗ
ನಮ್ಮಿಬ್ಬರ ನಡುವ ಮಾತಾಡಿದ್ದು ಕಟಗಿ ಒಂದೇ,
ಚಟಚಟ.

ಮಾತು ಬೇಕೇ ಬೇಕಂದರ ತುಳಜಾ ಇದ್ದಾಳ.
‘ಅವ್ವಗ ಕೇಳು, ಸುಣ್ಣದ ಡಬ್ಬಿ ಎಲ್ಲಿಟ್ಟಾಳ.’
ನಾ ಎರಡು ಮಾರು ದೂರದಾಗ ನಿಂತೀನಿ.
‘ಅಪ್ಪಗ ಹೇಳು, ಅವನ ಕಾಲಬುಡಕೇ ಅದ.’
ಪೋರಿ ಬೇಸತ್ತು
ಕಾವಿಗಿ ಕುಂತ ಕೋಳಿಗಿ ಅಷ್ಟೂ ಹೇಳಿ
ಓಡಿ ಹೋದಳು.

ಕರೆಂಟು ಹತ್ತಕ್ಕ ಬಂದು ಹನ್ನೆರಡಕ್ಕ ಹೋಗ್ತದ.
ಅಷ್ಟರಾಗ ನಾಕು ಕೌದಿ.
ಬಾವಿ ಕಟ್ಟಿಮ್ಯಾಲ ಹಾಸಿ, ತುಳಿದು, ಬಡಿದು,
ತುಂಡು ತುಂಡು ಗುರುತು ಹಿಡೀತೀನಿ:
ಇದು ನಮ್ಮತ್ತಿ ಕಾಸಿನ ಅಂಚಿನ ಸೀರಿ,
ಇದು ಅವನ ಮದುವಿ ಅಂಗಿ, ಬಗಲು ಹರಿದದ್ದು,
ಇದು ಯಾವ್ದೋ ಎಲೆಕ್ಷನ್ನಿನ ಬ್ಯಾನರು.
ಮುಖ ಎಲ್ಲಿ ಹೋಯ್ತೋ, ಮುಗಿದ ಕೈ ಎರಡೇ ಉಳಿದಾವ.
ಛಳಿಗಾಲ ಪೂರ್ತಿ ನಮ್ಮ ಕಾಲಿಗಿ
ಕೈ ಮುಗಿದುಕೋತ ಮಲಗಿದ್ದ ಪುಣ್ಯಾತ್ಮ.

ಆಚಿ ಹೊಲದ ಮೈಬೂಬಿ ಹುಣಸಿ ಬಡಿಯೋದು ಬಿಟ್ಟು
ಉಡಿತುಂಬ ಹಣ್ಣು ತಂದು ಸುರಿದು ಕುಂತಳು.
ಬದುವಿನಾಗ ಮುತ್ತಲ ಗಿಡ
ಎಲಿಯೆಲ್ಲ ಬಿಚ್ಚಿಟ್ಟು ಬರೀ ಹೂವು ಉಟ್ಟದ.
ಹುಣಸಿಗಿ ಉಪ್ಪು ಹಚ್ಚಿ ನೆಕ್ಕುತ
‘ಇನ್ನಾ ಬಾಯಿಗಿ ಬೀಗೇನು ವೈನಿ?’ ಅಂದಳು.
‘ಕೀಲಿ ಅವನ ಹಂತ್ಯಾಕ ಅದ’ ಅಂದೆ.
ಹಲ್ಲು ಚುರ್ ಅಂದವು ನಗೂಕೋತ.

ಒಣ ಕೌದಿ ಒಬ್ಬಾಕಿ ಹೊರಬಹುದು.
ಹಸಿ ಕೌದಿ ಅಂದರ ಗಬ್ಬದ ಎಮ್ಮಿ,
ಎಬ್ಬಿಸಿದರ ಏಳಲ್ಲ.
ಕರೀಲಿಲ್ಲ ನಾ. ಅವನೇ ಬಂದ.
ಧೋತರ ಮ್ಯಾಲ ಕಟ್ಟಿ ಆ ತುದಿ ಹಿಡಿದ,
ಈ ತುದಿ ನಾ.
ನಾ ಬಲಕ್ಕ ತಿರುವಿದೆ, ಅವ ಎಡಚ, ಎಡಕ್ಕ ತಿರುವಿದ.
ಕೌದಿ ಇಬ್ಬರ ನಡುವ ಸುಮ್ಮನ ಉರುಳಿತು,
ನೀರು ಒಂದು ಹನಿ ಹೆಚ್ಚಿಗಿ ಬೀಳಲಿಲ್ಲ.
ಮತ್ತ ತಿರುವಿದೆವು. ಮತ್ತ ಉರುಳಿತು.
ಮೈಬೂಬಿ ಆಕಾಶ ನೋಡಿದಳು.

‘ಬಲಕ್ಕ’ ಅಂದೆ.
‘ನಿನ್ನ ಬಲಕ್ಕೋ, ನನ್ನ ಬಲಕ್ಕೋ?’
ತುಳಜಾಗ ಅಲ್ಲ, ನನಗೇ ಕೇಳಿದ.
‘ಯಾರ ಬಲ ಅವರಿಗಿ.’

ಆವಾಗ ಬಿತ್ತು ನೋಡು ನೀರು,
ಚಹಾದ ಬಣ್ಣದ್ದು, ನಮ್ಮ ಕೆಂಪು ಮಣ್ಣಿನದ್ದು,
ಹೊಗಿ, ಧೂಳು, ಮಾಘದ ರಾತ್ರಿ ಎಲ್ಲಾ ಕೂಡಿ
ಅವನ ಪಾದದಿಂದ ನನ್ನ ಪಾದಕ್ಕ ಹರಿದು
ಬಾಳಿಗಿಡದ ಬುಡ ಸೇರಿತು.
ಕರ ಬೆದರಿ ನೆಗೆದು, ಮತ್ತ ಬಂದು ಮೂಸಿ ನೋಡಿತು.

ಬಣವಿಮ್ಯಾಲ ಹರವಿದೆವು.
ಮುಗಿದ ಕೈ ಎರಡು ಈಗ ಸೂರ್ಯಾಗ.
ನೆಳ್ಳಿಗಿ ಕುಂತು ಬಿಸಿ ರೊಟ್ಟಿ, ಪುಂಡಿಪಲ್ಯ,
ಗುದ್ದಿ ಒಡೆದ ಉಳ್ಳಾಗಡ್ಡಿ.
ದೊಡ್ಡ ತುಂಡು ನನ್ನ ಗಂಗಾಳದಾಗ ಇಟ್ಟ,
ಯಾರೋ ಇಟ್ಟಂಗ.
ಸಂತಿಗಿ ಇನ್ನಾ ಮೂರು ದಿನ.
ಕರದ ಮಾತು ಅವ ತೆಗೀಲಿಲ್ಲ, ನಾನೂ.

ಇನ್ನಾ ಎರಡು ಕೌದಿ ಉಳಿದಾವ.