ನಾಲ್ಕನೇ ಜ್ವರ

ಬಾಡಿಗೆ ಬುಕ್ಕಿನ ನೂರಾ ಹದಿನಾಲ್ಕನೇ ಪುಟ, ನನ್ನದೇ ಕೈಬರಹ:
ಆಂಪ್ಲಿಫೈಯರ್ ಒಂದು, ಹಳೇದು. ಬಾಕ್ಸ್ ಎರಡು. ಮೈಕ್ ಒಂದು.
ಪಡೆದವರು ಮೇಲೂರು ಮುನಿನಂಜ.
ಕಾರ್ಯಕ್ರಮ ಅನ್ನೋ ಕಾಲಮ್ಮಿನಲ್ಲಿ
ಮದುವೆ, ತಿಥಿ, ಎಲೆಕ್ಷನ್ ಅಂತ ಬರೆದೇ ಅಭ್ಯಾಸ ನನಗೆ.
ಏನಪ್ಪಾ ಬರೀಲಿ? ಅಂದೆ.
ಸುಮ್ನೆ ಅಂತ ಬರ್ಕೊಳ್ಳಿ ಬಚ್ಚಣ್ಣ, ಅಂದ.
ಸುಮ್ನೆ ಅಂತಲೇ ಬರೆದೆ.

ಸಾಮಾನು ಇಳಿಸಿದ್ದು ಅವರ ಹುಳುಮನೆಗೆ.
ಬೆಳೆ ತೆಗೆದು, ಬ್ಲೀಚಿಂಗ್ ಪೌಡರ್ ಹೊಡೆದು,
ಮುಂದಿನ ಮೊಟ್ಟೆ ಬರೋ ತನಕ ಹತ್ತು ದಿನ ಖಾಲಿ.
ಗೋಡೆಗೆಲ್ಲ ಚಂದ್ರಿಕೆ ಒರಗಿಸಿದ್ದರು;
ಸದ್ದು ಆ ಬಿದಿರಿನ ಸುರುಳಿಗೆ ಹೊಕ್ಕು
ಸುತ್ತಿ ಸುತ್ತಿ ಅಲ್ಲೇ ಮಲಗುತ್ತಿತ್ತು.

ಜಬೀನ್, ಶಿಡ್ಲಘಟ್ಟದ ರೀಲರ್ ಮಗಳು,
ಕುದಿಯೋ ಬಾಣಲೆಯಲ್ಲಿ ಅವಳಮ್ಮ ಎಳೆ ಹುಡುಕೋ ಹಾಗೆ
ಕೀಬೋರ್ಡಿನ ಮೇಲೆ ಬೆರಳಾಡಿಸಿ
ತುದಿ ಸಿಕ್ಕ ಮೇಲೇ ಬಾಯಿ ಬಿಡೋಳು.
ಗಂಗುಲಪ್ಪ ಡ್ರಮ್ಮರ್. ಡ್ರಮ್ ಇಲ್ಲ;
ಒಂದು ತಮಟೆ, ಎರಡು ಟೊಮೇಟೊ ಕ್ರೇಟು.
ಚೌಡರೆಡ್ಡಿ ಬೇಸ್ ನುಡಿಸ್ತಾನೆ ಅಂದರು, ನನಗೆ ಕೇಳಿಸಲೇ ಇಲ್ಲ.
ಅವನು ನಿಲ್ಲಿಸಿದಾಗ ಜೇಬು ಮುಟ್ಟಿ ನೋಡಿಕೊಂಡೆ,
ಏನು ಬಿದ್ದುಹೋಯ್ತು ಅಂತ.

ಹೆಸರಿಟ್ಟಿದ್ದು ಮುನಿನಂಜನ ಅವ್ವ, ಅವಳಿಗೇ ಗೊತ್ತಿಲ್ಲದೆ.
ಮುದ್ದೆ ಬಸ್ಸಾರಿನ ಮುಂದೆ ಕೂತ ನಾಲ್ವರನ್ನು ನೋಡಿ,
ನಾಲ್ಕನೇ ಜ್ವರ ಎದ್ದ ಹುಳ ಆದ್ರಲ್ಲೋ, ಎಷ್ಟು ಹಾಕಿದ್ರೂ ಸಾಲದು!

ನನ್ನ ಆಂಪ್ಲಿಫೈಯರಿಗೆ ಒಂದು ರೋಗ:
ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ.
ಅರ್ತಿಂಗ್ ಮಾಡಿಸಿದೆ, ಕಂಡೆನ್ಸರ್ ಬದಲಿಸಿದೆ, ಬಿಡಲಿಲ್ಲ.
ಪುರೋಹಿತರು ಬೈದರು, ಪಾರ್ಟಿಯವರು ಅರ್ಧ ದುಡ್ಡು ಹಿಡಿದರು.
ಇವರು ಮಾತ್ರ ಅದನ್ನೇ ಶ್ರುತಿ ಅಂದುಕೊಂಡರು.
ಅದಕ್ಕೇ ತಂತಿ ಬಿಗಿದರು, ಅದಕ್ಕೇ ತಮಟೆ ಕಾಯಿಸಿದರು,
ಕೀಬೋರ್ಡನ್ನೂ ತಿರುಚಿ ಅದರ ಪಕ್ಕ ಕೂರಿಸಿದರು.
ಹಾರ್ಮೋನಿಯಮ್ಮಿನಲ್ಲಿ ಆ ಸ್ವರ ಇಲ್ಲ ಕಣ್ರೀ.
ಬಿಳಿ ಮನೆಗೂ ಕರಿ ಮನೆಗೂ ನಡುವಿನ ಗೋಡೆಯೊಳಗಿದೆ.

ಚಿಂತಾಮಣಿಯ ಒಂದು ಹುಟ್ಟುಹಬ್ಬದಲ್ಲಿ
ಕೇಕು ಕತ್ತರಿಸೋ ತನಕ ಜನ ಕೂತಿದ್ದರು.
ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಕರೆಂಟು ಹೋಯ್ತು,
ನಾಲ್ವರೂ ಬಾಯಲ್ಲೇ ಗುಂಯ್ ಅಂದರು;
ಹುಡುಗರು ನಕ್ಕರು, ಆಮೇಲೆ ಅವರೂ ಅಂದರು.
ನಸುಕಿನಲ್ಲಿ ಗೂಡಿನ ಮೂಟೆ ಹೊತ್ತು ಹೋಗೋ ಸ್ಕೂಟರಿನ ಹಾಡು
ಫೋನಿಂದ ಫೋನಿಗೆ ಹೋಯ್ತು.
ಗೌರಿಬಿದನೂರು ಬಸ್ಸಿನವನು ಒಂದೇ ಟ್ರಿಪ್ಪಿಗೆ ಮೂರು ಸಲ ಹಾಕಿದನಂತೆ.
ಹಾಡಿನ ಶುರುವಿಗೆ ಮಳೆ ಚೆನ್ನಾಗಿದೆ ಅಂತ ಎಲ್ಲರೂ ಹೊಗಳೋರು.
ಮಳೆಯಲ್ಲ ಅದು. ರಾತ್ರಿ ಹುಳ ಸೊಪ್ಪು ತಿನ್ನೋ ಸದ್ದು.

ಬೆಂಗಳೂರಿನ ಹಾಲು, ಟಿಕೀಟು ಐನೂರು.
ನಾನು ವೈರು ಸುತ್ತಿಕೊಂಡು ಜೊತೆಗೆ ಹೋಗಿದ್ದೆ.
ಅಲ್ಲಿನ ಸೌಂಡಿನ ಹುಡುಗ ಒಳ್ಳೆಯವನೇ,
ನಮ್ಮ ಡಬ್ಬ ಪಕ್ಕಕ್ಕೆ ಸರಿಸಿ ತನ್ನದಕ್ಕೆ ಜೋಡಿಸಿದ.
ತೊಳೆದ ತಟ್ಟೆ ಹಾಗೆ ನಿಶ್ಶಬ್ದ.
ಜಬೀನ್ ಬಾಯಿ ತೆರೆದಳು. ಮುಚ್ಚಿದಳು.
ಮುನ್ನೂರು ಜನದ ಮುಂದೆ ಎಳೆ ಸಿಗಲಿಲ್ಲ.
ಬಚ್ಚಣ್ಣ, ಅಂದಳು ಮೈಕಿನಲ್ಲೇ, ನಮ್ಮದು ಹಾಕಿ.
ಹಾಕಿದೆ. ಅದಕ್ಕೆ ಯಾರ ವೈರೂ ಇಲ್ಲ.
ಸುಮ್ಮನೆ ಒಂದು ಮೂಲೆಯಲ್ಲಿ ಕೂತು
ತನ್ನ ಪಾಡಿಗೆ ಗುಂಯ್ ಅನ್ನೋದೊಂದೇ ಕೆಲಸ.

ಈಗ ಅದು ಕೊಚ್ಚಿಗೆ ಹೋಗಿದೆ, ಶಿಲ್ಲಾಂಗಿಗೆ ಹೋಗಿದೆ.
ನಾನು ಚೇಳೂರು ದಾಟದ ವಾರಗಳಲ್ಲಿ
ಅದು ಸ್ಪಂಜಿನ ಪೆಟ್ಟಿಗೆಯಲ್ಲಿ ವಿಮಾನ ಹತ್ತಿದೆ.
ದುಡ್ಡು ಕೊಡ್ತೀವಿ ಅಂದರು, ಬೇಡ ಅಂದೆ;
ಆಮೇಲೆ ಇಸ್ಕೊಬೇಕಿತ್ತು ಅನ್ನಿಸಿತು.
ವಾಪಸ್ ಬಂದ ತಾರೀಕು ಅನ್ನೋ ಕಾಲಂ ಹಾಗೇ ಇದೆ.

ಹೊಸದು ತಂದಿದ್ದೀನಿ. ಸದ್ದೇ ಇಲ್ಲ,
ಆನ್ ಆಯ್ತೋ ಇಲ್ವೋ ಕೆಂಪು ಲೈಟು ನೋಡಬೇಕು.
ಮೊನ್ನೆ ಒಂದು ನಾಮಕರಣದಲ್ಲಿ ಮೈಕ್ ಟೆಸ್ಟ್ ಮಾಡೋವಾಗ
ಹಲೋ ಅನ್ನೋ ಬದಲು ಗುಂಯ್ ಅಂದುಬಿಟ್ಟೆ.
ತೊಟ್ಟಿಲಲ್ಲಿದ್ದದ್ದು ಅಳು ನಿಲ್ಲಿಸಿತು.