ಎಷ್ಟು ಹೊತ್ತು?

ಬಾಗಿಲ ಮೇಲಿನ ಬೋರ್ಡಿನಲ್ಲಿ ಪೇಂಟರು
‘ರೂಮ ಟಾಲಜಿ’ ಎಂದು ಎರಡಾಗಿ ಒಡೆದು ಬರೆದಿದ್ದಾನೆ.
ಚಿಕ್ಕಬಳ್ಳಾಪುರದ ಈ ಆಸ್ಪತ್ರೆಗೆ ಬಂದ ಅರ್ಧ ಜನ
ಒಳಗೆ ಇಣುಕಿ ಕೇಳುತ್ತಾರೆ: ಇದು ಯಾವ ರೂಮಮ್ಮಾ?
ವಾತದ ರೂಮು, ಎನ್ನುತ್ತಾಳೆ ಸಿಸ್ಟರ್ ಪ್ರಮೀಳಾ.
ಹನ್ನೊಂದು ವರ್ಷ ಓದಿದ್ದು ಅಷ್ಟರಲ್ಲಿ ಮುಗಿಯುತ್ತದೆ.
ತಿದ್ದುವುದನ್ನು ನಾನೂ ಬಿಟ್ಟೆ.

ನನ್ನದು ಒಂದೇ ಪ್ರಶ್ನೆಯ ವಿದ್ಯೆ:
ಬೆಳಿಗ್ಗೆ ಎದ್ದಾಗ ಕೈ ಹಿಡಿದುಕೊಳ್ಳುತ್ತಲ್ಲ,
ಎಷ್ಟು ಹೊತ್ತು?
ನಿಮಿಷ ಬೇಕು ನನಗೆ. ಕಾಗದದಲ್ಲಿ ಅದಕ್ಕೊಂದು ಖಾನೆಯಿದೆ.
ನಿಮಿಷದಲ್ಲಿ ಯಾರೂ ಹೇಳುವುದಿಲ್ಲ.

ಡೈರಿಗೆ ಹಾಲು ಹಾಕಿ ಬರೋ ತನಕ, ಎಂದರು ಪಿಳ್ಳಮ್ಮ.
ಕರೆಯೋರು ಯಾರು ಮತ್ತೆ?
ಸೊಸೆ. ಕ್ಯಾನು ನಾನು ಮುಟ್ಟಲ್ಲ, ಜೊತೆಗೆ ನಡೀತೀನಿ ಅಷ್ಟೆ.
ತೊಂಬತ್ತು, ಎಂದು ಅಂದಾಜಿಗೆ ಬರೆದೆ.

ಟೊಮೆಟೊ ಟೆಂಪೋದ ಚೌಡರೆಡ್ಡಿಗೆ ಇಪ್ಪತ್ತಾರು.
ಮೂರು ವರ್ಷದಿಂದ ಕತ್ತು ತಿರುಗಿಸಿಲ್ಲ.
ಹೆಸರು ಕೂಗಿದರೆ ಪಾದದಿಂದ ತಿರುಗುತ್ತಾನೆ,
ಬಾಗಿಲಿನ ಹಾಗೆ, ಇಡೀ.
ಚಿಂತಾಮಣಿ ಮಾರ್ಕೆಟ್ಟಲ್ಲಿ ಮೊದಲ ಐವತ್ತು ಕ್ರೇಟು ಇಳಿಸಲಿ,
ಆಮೇಲೆ ನಾನೇ ರಾಜ ಮೇಡಂ.

ಶಿಡ್ಲಘಟ್ಟದ ಖಮರುನ್ನೀಸಾ
ಪ್ರಶ್ನೆಯನ್ನೇ ನನ್ನತ್ತ ತಿರುಗಿಸಿದರು:
ಬಾಣಲೆ ನೀರು ಕಾದ ಮೇಲೆ ನೋವೆಲ್ಲಿರುತ್ತೆ?

ಇಪ್ಪತ್ತೆರಡು ವರ್ಷ ನೂಲು ಬಿಚ್ಚಿದ ಕೈ.
ಕುದಿಯುವ ಗೂಡುಗಳ ನಡುವೆ ಬೆರಳದ್ದಿ
ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯುವ ಕೈ,
ಬೆಂದ ಕಡಲೆಕಾಯಿ ಸಿಪ್ಪೆಯ ಹಾಗೆ ಸುಕ್ಕು.
ನೋವು ತಂದದ್ದು ಆ ನೀರೇ, ಕೆಲಸ ಬಿಡು,
ಎನ್ನುತ್ತದಂತೆ ಬೀದಿ.
ಅವರಿಗೋ ದಿನದಲ್ಲಿ ಕೈ ತಮ್ಮದಾಗುವುದು
ಆ ನೀರಿನಲ್ಲೇ.

ಬೆರಳಿನ ಬುಡದ ಗೆಣ್ಣುಗಳ ಮೇಲೆ
ಎರಡು ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದೆ.
ಮೂಳೆ ಸಿಗಬೇಕಾದಲ್ಲಿ ದ್ರಾಕ್ಷಿ ಸಿಕ್ಕಿತು,
ನಂದಿ ತಪ್ಪಲಿನ ತೋಟದ್ದು, ಮಾಗಿದ್ದು.
ರಕ್ತದ ರಿಪೋರ್ಟು ಬರುವ ಮೊದಲೇ ಗೊತ್ತಾಗುತ್ತದೆ.
ಕಲಿಸಿದವರು ಕಣ್ಣು ಮುಚ್ಚಿಕೊಂಡು ಮುಟ್ಟು ಎಂದಿದ್ದರು;
ಈಗಲೂ ಮುಚ್ಚುತ್ತೇನೆ.
ನೀವೂ ತುದಿ ಹುಡುಕ್ತಿದ್ದೀರಾ? ಎಂದರು.

ಚೀಲದಿಂದ ಪೇಪರಿನ ಪೊಟ್ಟಣ ಬಂತು.
ಸಂತೆಬೀದಿಯ ಡಾಕ್ಟರು ಎರಡು ವರ್ಷದಿಂದ ಕೊಟ್ಟ
ಹೆಸರಿಲ್ಲದ ಸಣ್ಣ ಬಿಳಿ ಮಾತ್ರೆ.
ನುಂಗಿದ ದಿನ ಹದಿನೆಂಟರ ಕೈಯಂತೆ.
ಮುಖ ಹುಣ್ಣಿಮೆಯಾಗಿದೆ.
ಚೆನ್ನಾಗಿ ಮೈ ಹತ್ತಿದೆ ನಿನಗೆ ಎಂದರಂತೆ
ಮದುವೆಮನೆಯಲ್ಲಿ ನಾದಿನಿಯರೆಲ್ಲ.
ಆ ಮೆಚ್ಚುಗೆಯನ್ನು ನಾನು ಇಳಿಸಬೇಕು,
ಕಾಲು ಕಾಲು ಮಾತ್ರೆಯಾಗಿ.

ಹೊಸದು ವಾರಕ್ಕೆ ಒಂದೇ ದಿನ.
ದಿನಾ ಅಲ್ಲ. ದಿನಾ ಅಲ್ಲ. ಕೇಳಿಸಿತಾ, ದಿನಾ ಅಲ್ಲ.
ದಿನಾ ನುಂಗಿ ಬಾಯೆಲ್ಲ ಹುಣ್ಣಾಗಿ ಬಂದ ಒಬ್ಬರನ್ನು
ಕಳೆದ ಶ್ರಾವಣದಲ್ಲಿ ಉಳಿಸಿಕೊಳ್ಳಲಿಲ್ಲ ನಾನು.
ಅಂದಿನಿಂದ ವಾರದ ಹೆಸರನ್ನು
ಚೀಟಿಯಲ್ಲಿ ನಾನೇ ದಪ್ಪಕ್ಷರದಲ್ಲಿ ಬರೆಯುತ್ತೇನೆ.
ಯಾವ ದಿನ ಹಾಕಲಿ, ನೆನಪಿರುವಂಥದ್ದು?

ಶುಕ್ರವಾರ. ಅವತ್ತು ನಮ್ಮಲ್ಲಿ ಒಲೆ ಹಚ್ಚಲ್ಲ.

ಪೆನ್ನು ನಿಂತಿತು.
ಹಾಗಾದರೆ ಅವತ್ತು ಕೈ?

ಬುರ್ಖಾದ ತೋಳಿನೊಳಗೆ ಬೆರಳು ಎಳೆದುಕೊಂಡರು.
ಅವತ್ತು ಸೊಸೆ ಜಡೆ ಹಾಕ್ತಾಳೆ, ಸೊಸೆ ತುತ್ತು ಕಲಿಸ್ತಾಳೆ.
ಅವತ್ತಿಗೆ ಹೊತ್ತು ಅಂತ ಇಲ್ಲ ಮೇಡಂ.
ರಾತ್ರಿವರೆಗೂ ಬೆಳಿಗ್ಗೇನೇ.

ಖಾನೆಯಲ್ಲಿ ಮೊದಲೇ ಬರೆದಿದ್ದ ಇಪ್ಪತ್ತನ್ನು ಹೊಡೆದುಹಾಕಿದೆ.
ಅಲ್ಲಿ ಇನ್ನೇನೂ ಹಿಡಿಸುತ್ತಿರಲಿಲ್ಲ,
ಅಂಚಿನಲ್ಲಿ, ಅಡ್ಡಡ್ಡ, ಅವರ ಮಾತನ್ನೇ ಬರೆದೆ.

ಪ್ರಮೀಳಾ ಮುಂದಿನ ಹೆಸರು ಕೂಗಿದಳು.
ಕಾರಿಡಾರಿನ ಬೆಂಚಿನಿಂದ ಯಾರೋ
ಏಳಲು ಶುರುಮಾಡಿದರು.
ಕಾಯಬೇಕು.